ಒಂದೂವರೆ ಸಾವಿರ ಕುಣಿಕೆಯ ಪುಟ್ಟ ಪರ್ಸು

ಕ್ರೋಶಾಕ್ಕೆ ಇವತ್ತಿಗೂ ಯಂತ್ರ ಬಂದಿಲ್ಲ. ಸ್ವೆಟರ್ ಹೆಣೆಯಲು ಯಂತ್ರವಿದೆ, ಲೇಸಿಗೆ ಯಂತ್ರವಿದೆ, ಬ್ಲೌಸಿನ ತೋಳಿಗೆ ನವಿಲು ಬಿಡಿಸುವ ಕಂಪ್ಯೂಟರ್ ಎಂಬ್ರಾಯ್ಡರಿ ಯಂತ್ರ ಹೈದರಾಬಾದಿನ ಎಷ್ಟೋ ಗಲ್ಲಿಗಳಲ್ಲಿ ಓಡುತ್ತಿರುತ್ತದೆ. ಆದರೆ ಒಂದು ಕೊಕ್ಕೆ ಕಡ್ಡಿ, ಒಂದು ಎಳೆ ದಾರ, ಇಷ್ಟರಲ್ಲೇ ಮುಗಿಯುವ ಈ ಕೆಲಸವನ್ನು ಅಂಗಡಿಗೆ ಸರಕು ತುಂಬುವಷ್ಟು ವೇಗದಲ್ಲಿ ಮಾಡಿಕೊಡುವ ಯಂತ್ರ ಮಾತ್ರ ಇಲ್ಲ. ಹಾಗಾಗಿ ಕೋಠಿಯ ಸುಲ್ತಾನ್ ಬಜಾರಿನಲ್ಲೋ ಸಿಕಂದರಾಬಾದಿನ ಜನರಲ್ ಬಜಾರಿನಲ್ಲೋ ನಿಜವಾದ ಕ್ರೋಶಾ ಪರ್ಸೊಂದು ತೂಗಾಡುತ್ತಿದ್ದರೆ, ಅದರ ಬೆಲೆ ಎಷ್ಟೇ ಕಡಿಮೆ ಇರಲಿ, ಒಂದು ಮಾತು ಖಚಿತ: ಎಲ್ಲೋ ಒಬ್ಬರು, ಬಹುಮಟ್ಟಿಗೆ ಒಬ್ಬ ಹೆಂಗಸು, ಕೂತು ಅದರ ಒಂದೊಂದು ಕುಣಿಕೆಯನ್ನೂ ಕೈಯಿಂದ ಎಳೆದಿದ್ದಾಳೆ.

ಯಂತ್ರಕ್ಕೆ ಯಾಕೆ ಆಗದು ಎಂಬುದು ಸ್ವಾರಸ್ಯದ ವಿಷಯ. ಎರಡು ಕಡ್ಡಿಯ ನಿಟ್ಟಿಂಗ್‌ನಲ್ಲಿ ಇಡೀ ಸಾಲಿನ ಕುಣಿಕೆಗಳು ತೆರೆದುಕೊಂಡು ಕಡ್ಡಿಯ ಮೇಲೆ ಸಾಲಾಗಿ ನಿಂತಿರುತ್ತವೆ. ನೂರು ಕುಣಿಕೆಗೆ ನೂರು ಸೂಜಿ ಇಟ್ಟರೆ ಯಂತ್ರ ಅವನ್ನು ಒಂದೇ ಬೀಸಿಗೆ ಹೆಣೆದುಬಿಡುತ್ತದೆ. ಕ್ರೋಶಾದಲ್ಲಿ ಹಾಗಿಲ್ಲ. ಇಲ್ಲಿ ಒಂದು ಕುಣಿಕೆ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು. ಕಡ್ಡಿಯ ಮೇಲೆ ಉಳಿಯುವುದು ಒಂದೇ ಒಂದು ಜೀವಂತ ಕುಣಿಕೆ. ಆ ಕಡ್ಡಿ ಹೆಣಿಗೆಯ ಯಾವ ಮೂಲೆಗೆ ಬೇಕಾದರೂ ನುಗ್ಗಬಹುದು, ಹಿಂದಿನ ಸುತ್ತಿಗೆ, ಪಕ್ಕದ ಸಂದಿಗೆ, ಎರಡು ಸುತ್ತು ಕೆಳಕ್ಕೆ. ಎಲ್ಲಿ ನುಗ್ಗಬೇಕು ಎಂಬುದನ್ನು ಕಣ್ಣು ನೋಡಿ, ಬೆರಳು ಮುಟ್ಟಿ ತೀರ್ಮಾನಿಸುತ್ತದೆ. ಜವಳಿ ಉದ್ಯಮದಲ್ಲಿ ಕ್ರೋಶಾ ಯಂತ್ರ ಎಂಬ ಹೆಸರಿನದು ಒಂದಿದೆ ನಿಜ, ಆದರೆ ಅದರಲ್ಲಿ ಬರುವುದು ಕ್ರೋಶಾದಂತೆ ಕಾಣುವ ಬೇರೆಯದೇ ಹೆಣಿಗೆ, ಗಜಗಟ್ಟಲೆ ಬರುವ ಅಂಚುಪಟ್ಟಿ. ಕೈಯ ಕ್ರೋಶಾ ಅಲ್ಲ.

ಈ ವಾರ ಚಿಕ್ಕ ಹುಡುಗಿಯೊಬ್ಬಳಿಗೆ ಒಂದು ಪುಟ್ಟ ಅಲಂಕಾರದ ಪರ್ಸು ಹೆಣೆಯುವುದು ಹೇಗೆ ಎಂದು ವಿವರವಾಗಿ ಬರೆಯಬೇಕೆನಿಸಿದೆ. ಒಂದು ಪರ್ಸನ್ನು ಮೊದಲಿನಿಂದ ಕೊನೆಯವರೆಗೆ ಸ್ವಂತ ಕೈಯಲ್ಲಿ ಮುಗಿಸಿದವರಿಗೆ ಈ ಕೆಲಸದ ಬೆಲೆಯನ್ನು ಬೇರೆ ಯಾರೂ ಹೇಳಿಕೊಡಬೇಕಾಗುವುದಿಲ್ಲ. ಗೋದಾವರಿ ತೀರದಲ್ಲಿ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಬೆಲೆ ತಪ್ಪಾಗಿ ಲೆಕ್ಕವಾಗುತ್ತಾ ಬಂದಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಕಲಿಯುವವರಿಗೆ ಪರ್ಸಿಗಿಂತ ಒಳ್ಳೆಯ ಪಾಠವಿಲ್ಲ. ಟೇಬಲ್ ಕ್ಲಾತಿನ ಹಾಗೆ ತಿಂಗಳುಗಟ್ಟಲೆ ಎಳೆಯುವುದಿಲ್ಲ, ಸ್ವೆಟರಿನ ಹಾಗೆ ಅಳತೆಯ ತಲೆನೋವಿಲ್ಲ. ಸೀರೆಯ ಸೆರಗಿಗೆ ಕ್ರೋಶಾ ಕುಚ್ಚು ಕಟ್ಟುವುದು ಗೊತ್ತಿದ್ದರಂತೂ ಅರ್ಧ ಕೆಲಸ ಆಗಲೇ ಬಂದಂತೆ. ಚೈನು, ಸಿಂಗಲ್ಲು, ಡಬಲ್ಲು, ಈ ಮೂರೇ ಸಾಕು. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಮನೆಯಲ್ಲಿ ಉಳಿದಿರುವ ಹಳೆಯ ಕ್ರೋಶಾ ಪುಸ್ತಕಗಳು ಹೆಚ್ಚಾಗಿ ಬ್ರಿಟಿಷ್ ಪದ್ಧತಿಯವು, ಮೊಬೈಲಿನಲ್ಲಿ ಈಗ ನೋಡುವ ವಿಡಿಯೊಗಳು ಹೆಚ್ಚಾಗಿ ಅಮೆರಿಕನ್ ಪದ್ಧತಿಯವು. ಅಮೆರಿಕದವರ ಸಿಂಗಲ್ಲೇ ಬ್ರಿಟಿಷರ ಡಬಲ್ಲು. ಎರಡನ್ನೂ ಬೆರೆಸಿದರೆ ಪರ್ಸಿನ ತಳ ಚಪ್ಪಟೆಯಾಗಿ ಕೂರುವುದೇ ಇಲ್ಲ. ಇಲ್ಲಿ ನಾನು ಹೇಳುತ್ತಿರುವುದು ಅಮೆರಿಕನ್ ಲೆಕ್ಕ, ಅಂದರೆ ಅತಿ ಗಿಡ್ಡ ಹೆಣಿಗೆಯೇ ಸಿಂಗಲ್ಲು.

ದಾರದ ಆಯ್ಕೆಯಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಹೈದರಾಬಾದಿನಂಥ ಊರಿಗೆ ಹತ್ತಿಯೇ ಸರಿ. ಅಕ್ರಿಲಿಕ್ ಉಲ್ಲನ್ ಅಗ್ಗ, ಬಣ್ಣಗಳೂ ಬೇಕಾದಷ್ಟು, ನಿಜ. ಆದರೆ ಬೇಸಿಗೆಯಲ್ಲಿ ಕೈ ಬೆವರಿದಾಗ ಅದು ಕಡ್ಡಿಗೆ ಅಂಟುತ್ತದೆ, ಮಗುವಿನ ಕೈಯಲ್ಲಿ ನಾಲ್ಕು ದಿನ ಓಡಾಡಿದರೆ ಮೈಯೆಲ್ಲ ನೂಲು ಎದ್ದು ಗುಂಜು ಕಟ್ಟುತ್ತದೆ. ಕುಚ್ಚಿನ ರೇಷ್ಮೆ ದಾರ ಜಾರುತ್ತದೆ, ಭಾರ ಹೊತ್ತರೆ ಜೋಲುತ್ತದೆ. ನಾಲ್ಕೆಳೆಯ ಹತ್ತಿ ದಾರದ 50 ಗ್ರಾಮಿನ ಒಂದು ಉಂಡೆ, 3 ಮಿಲಿಮೀಟರಿನ ಕಡ್ಡಿ. ಇಷ್ಟು ಕೊಂಡರೆ ಒಂದು ಪರ್ಸು ಮುಗಿದು ದಾರ ಮಿಗುತ್ತದೆ. ಕೆಂಪು, ಕಡುನೀಲಿ ದಾರವನ್ನು ಬಿಳಿಯ ಜೊತೆ ಹೆಣೆಯುವ ಮೊದಲು ಒಂದು ತುಂಡನ್ನು ಬಿಸಿನೀರಿನಲ್ಲಿ ನೆನೆಸಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಬಣ್ಣ ಬಿಡುವ ದಾರ ಮಗುವಿನ ಹಬ್ಬದ ಲಂಗವನ್ನು ಹಾಳುಮಾಡುತ್ತದೆ.

ಬಣ್ಣಕ್ಕೆ ಈ ನೆಲದಲ್ಲೇ ಸೊಗಸಾದ ಮಾದರಿಯಿದೆ. ತೆಲಂಗಾಣದ ಬತುಕಮ್ಮ ಹಬ್ಬದಲ್ಲಿ ಹೆಂಗಸರು ಹೂಗಳನ್ನು ಸುತ್ತುಸುತ್ತಾಗಿ ಗೋಪುರದ ಹಾಗೆ ಪೇರಿಸುತ್ತಾರೆ. ತಂಗೇಡು ಹೂವಿನ, ಅಂದರೆ ನಮ್ಮ ತಂಗಡಿಯ ಹಳದಿ, ಚೆಂಡುಹೂವಿನ ಕೇಸರಿ, ಗುನುಗು ಹೂವಿನ ತಿಳಿ ಗುಲಾಬಿ. ಈ ಮೂರನ್ನೇ ಕೆಳಗಿನಿಂದ ಮೇಲಕ್ಕೆ ಪಟ್ಟೆಪಟ್ಟೆಯಾಗಿ ಹೆಣೆದರೆ ಪರ್ಸು ಬೇರೆ ಅಲಂಕಾರ ಕೇಳುವುದೇ ಇಲ್ಲ.

ಈಗ ತಳ. ದಾರವನ್ನು ಬೆರಳಿಗೆ ಸುತ್ತಿ ಉಂಗುರ ಮಾಡಿ, ಅದರೊಳಗೆ 6 ಸಿಂಗಲ್ ಹಾಕಿ, ಬಾಲವನ್ನು ಎಳೆದರೆ ನಡುವಿನ ತೂತು ಮುಚ್ಚುತ್ತದೆ. ಎರಡನೆಯ ಸುತ್ತಿನಲ್ಲಿ ಪ್ರತಿ ಕುಣಿಕೆಗೂ ಎರಡೆರಡು ಹಾಕಿ, 12 ಆಯಿತು. ಮೂರನೆಯದರಲ್ಲಿ ಒಂದು ಬಿಟ್ಟು ಒಂದಕ್ಕೆ ಎರಡು, 18. ಆಮೇಲೆ 24, 30, 36, 42, 48. ಮಗುವಿಗೆ ಆರರ ಮಗ್ಗಿ ಕಲಿಸುವ ವಯಸ್ಸಾಗಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಎಣಿಸಲು ಹೇಳಿ. ಸುತ್ತಿನ ಮೊದಲ ಕುಣಿಕೆಗೆ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸಿಟ್ಟರೆ ಎಣಿಕೆ ತಪ್ಪುವುದಿಲ್ಲ. ಹೆಚ್ಚಿಸುವ ಜಾಗ ಪ್ರತಿ ಸುತ್ತಿನಲ್ಲೂ ಒಂದರ ಮೇಲೊಂದು ಬಂದರೆ ತಳಕ್ಕೆ ಆರು ಮೂಲೆ ಮೂಡುತ್ತದೆ, ಆದ್ದರಿಂದ ಸುತ್ತುಬಿಟ್ಟು ಸುತ್ತು ಆ ಜಾಗವನ್ನು ಸ್ವಲ್ಪ ಸರಿಸಬೇಕು.

ಆರೇ ಯಾಕೆ ಎಂದು ಕಲಿಯುವವರು ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆ. ಶಾಲೆಯಲ್ಲಿ ಓದಿದ ವೃತ್ತದ ಸುತ್ತಳತೆಯ ಸೂತ್ರ ಇಲ್ಲಿ ಕೈಗೆ ಸಿಗುತ್ತದೆ. ತ್ರಿಜ್ಯ ಒಂದು ಅಳತೆ ಹೆಚ್ಚಿದರೆ ಸುತ್ತಳತೆ ಎರಡು ಪೈ, ಅಂದರೆ ಹತ್ತಿರ ಹತ್ತಿರ 6.28 ಅಳತೆ ಹೆಚ್ಚುತ್ತದೆ. ಸಿಂಗಲ್ ಕುಣಿಕೆಯ ಎತ್ತರ ಮತ್ತು ಅಗಲ ಹೆಚ್ಚುಕಡಿಮೆ ಒಂದೇ. ಹಾಗಾಗಿ ಪ್ರತಿ ಸುತ್ತಿಗೆ ಆರು ಕುಣಿಕೆ ಹೆಚ್ಚಿದರೆ ತಳ ಚಪ್ಪಟೆ ಕೂರುತ್ತದೆ. ಡಬಲ್ಲಿನ ಎತ್ತರ ಸುಮಾರು ಇಮ್ಮಡಿ, ಅದರಲ್ಲಿ ಹೆಣೆದರೆ ಸುತ್ತಿಗೆ ಹನ್ನೆರಡು ಹೆಚ್ಚಿಸಬೇಕು. ಕಡಿಮೆ ಹೆಚ್ಚಿಸಿದರೆ ಅಂಚು ಮೇಲೇಳುತ್ತದೆ, ಅತಿಯಾಗಿ ಹೆಚ್ಚಿಸಿದರೆ ನೆರಿಗೆ ನೆರಿಗೆಯಾಗಿ ಅಲೆಯುತ್ತದೆ. ಲಾಟ್ವಿಯಾದ ಗಣಿತಜ್ಞೆ ಡೈನಾ ಟೈಮಿನಾ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದಾಗ 1997ರಲ್ಲಿ ಈ ನೆರಿಗೆಯನ್ನೇ ಹಿಡಿದುಕೊಂಡರು. ಯೂಕ್ಲಿಡ್‌ನ ರೇಖಾಗಣಿತಕ್ಕೆ ಹೊರತಾದ ಹೈಪರ್ಬಾಲಿಕ್ ಸಮತಲ ಎಂಬುದನ್ನು ವಿದ್ಯಾರ್ಥಿಗಳಿಗೆ ಮುಟ್ಟಿ ತೋರಿಸಲು ಗಟ್ಟಿಮುಟ್ಟಾದ ಮಾದರಿ ಸಿಗದೆ, ಅದನ್ನು ಕ್ರೋಶಾದಲ್ಲಿ ಹೆಣೆದರು. ಇಂದು ಅದು ಗಣಿತದ ತರಗತಿಗಳಲ್ಲಿ ಬಳಕೆಯಲ್ಲಿದೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂತು ಹೆಂಗಸರು ಮಾಡುವ ಕೆಲಸದಲ್ಲಿ ಎಂಥ ಬುದ್ಧಿ ಅಡಗಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

48 ಕುಣಿಕೆಯಾದಾಗ ತಳದ ಅಗಲ 7ರಿಂದ 8 ಸೆಂಟಿಮೀಟರ್ ಇರುತ್ತದೆ. ನಾಲ್ಕೈದು ವರ್ಷದ ಹುಡುಗಿಯ ಕೈಗೆ ಇದು ಹೇಳಿ ಮಾಡಿಸಿದ ಅಳತೆ. ಇನ್ನು ಹೆಚ್ಚಿಸುವುದನ್ನು ನಿಲ್ಲಿಸಿ. ಗೋಡೆಯ ಮೊದಲ ಸುತ್ತನ್ನು ಕುಣಿಕೆಯ ಹಿಂದಿನ ಎಳೆಗೆ ಮಾತ್ರ ಕಡ್ಡಿ ಹಾಕಿ ಹೆಣೆದರೆ ತಳಕ್ಕೂ ಗೋಡೆಗೂ ನಡುವೆ ಚೆಂದದ ಅಂಚು ಮೂಡುತ್ತದೆ, ಪರ್ಸು ಇಟ್ಟಲ್ಲಿ ನೇರ ನಿಲ್ಲುತ್ತದೆ. ಆಮೇಲೆ 48, 48, 48. ಇಪ್ಪತ್ತು ಸುತ್ತು. ಇಲ್ಲಿ ಯೋಚನೆಗೆ ಏನೂ ಇಲ್ಲ, ಕೈ ತಾನೇ ಓಡುತ್ತದೆ. ನಂತರ ದಾರ ತೂರಿಸಲು ತೂತಿನ ಸುತ್ತು: ಒಂದು ಡಬಲ್, ಒಂದು ಚೈನು, ಒಂದು ಕುಣಿಕೆ ಬಿಡುವುದು. 24 ತೂತುಗಳಾಗುತ್ತವೆ. ಕೊನೆಗೆ ಚಿಪ್ಪಿನ ಅಂಚು: ಎರಡು ಕುಣಿಕೆ ಬಿಟ್ಟು ಒಂದರಲ್ಲೇ ಐದು ಡಬಲ್, ಮತ್ತೆರಡು ಬಿಟ್ಟು ಒಂದು ಸಿಂಗಲ್. ಆರಾರು ಕುಣಿಕೆಗೆ ಒಂದೊಂದು ಚಿಪ್ಪು, ಒಟ್ಟು ಎಂಟು. ಇಲ್ಲೂ ಆರರ ಮಗ್ಗಿಯೇ ಕೈಹಿಡಿಯಿತು ನೋಡಿ.

ಎಳೆಯುವ ದಾರ ಒಂದಿದ್ದರೆ ಸಾಲದು, ಎರಡು ಬೇಕು, ಎದುರುಬದುರಿನಿಂದ ತೂರಿಸಿದ್ದು. ಆಗ ಮಗು ಎರಡೂ ಕೈಯಿಂದ ಎಳೆದ ಕೂಡಲೇ ಬಾಯಿ ಸಮವಾಗಿ ಮುಚ್ಚುತ್ತದೆ. ನೂರು ನೂರು ಚೈನಿನ ಎರಡು ಎಳೆ ಸಾಕು. ಜಿಪ್ಪು ಚಿಕ್ಕ ಬೆರಳಿಗೆ ಕಷ್ಟ, ಗುಂಡಿ ಪರವಾಗಿಲ್ಲ. ಹೆಗಲಿಗೆ ಹಾಕುವ ಉದ್ದನೆಯ ಪಟ್ಟಿಯನ್ನು ಚಿಕ್ಕ ಮಕ್ಕಳ ಪರ್ಸಿಗೆ ನಾನು ಖಂಡಿತ ಬೇಡ ಎನ್ನುತ್ತೇನೆ. ಜಾರುಬಂಡೆಯಲ್ಲೋ ಉಯ್ಯಾಲೆಯಲ್ಲೋ ಅದು ಕುತ್ತಿಗೆಗೆ ಸಿಕ್ಕಿಕೊಳ್ಳುವ ಅಪಾಯ ನಿಜವಾದದ್ದು. ಮೂರು ವರ್ಷದೊಳಗಿನ ಮಗುವಾದರೆ ಮಣಿ, ಕುಂದನ್, ಗೆಜ್ಜೆ ಯಾವುದೂ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ. ಲಾಡ್ ಬಜಾರಿನ ಹೊಳೆಯುವ ಮಣಿಗಳ ಆಸೆ ತಡೆಯಲಾಗದಿದ್ದರೆ ಮಗು ದೊಡ್ಡದಾಗುವವರೆಗೆ ಕಾಯಿರಿ. ಅಲ್ಲಿಯವರೆಗೆ ಐದೆಸಳಿನ ಒಂದು ಕ್ರೋಶಾ ಹೂವನ್ನು ಬಿಗಿಯಾಗಿ ಹೊಲಿದರೆ ಸಾಕು.

ಒಳಗೆ ಅಸ್ತರು ಮಾತ್ರ ಬಿಡಬೇಡಿ. ಕ್ರೋಶಾ ಎಷ್ಟೇ ಬಿಗಿಯಿದ್ದರೂ ಸಂದಿ ಇದ್ದೇ ಇರುತ್ತದೆ, ಭಾರಕ್ಕೆ ಹಿಗ್ಗುತ್ತದೆ. ಹತ್ತು ರೂಪಾಯಿಯ ನಾಣ್ಯ 27 ಮಿಲಿಮೀಟರ್, ಅದು ಉಳಿದೀತು. ಮಕ್ಕಳ ಸಂಪತ್ತು ಅದಕ್ಕಿಂತ ಚಿಕ್ಕದು: ಕಿವಿಯ ರಿಂಗು, ಪೆನ್ಸಿಲಿನ ತುದಿ, ಎಲ್ಲಿಂದಲೋ ಹೆಕ್ಕಿದ ಗುಲಗಂಜಿಯಂಥ ಬೀಜ. (ಗುಲಗಂಜಿಯೇ ಆಗಿದ್ದರೆ ತೆಗೆದು ಎಸೆಯಿರಿ, ಅದು ವಿಷ.) ಹಳೆಯ ಮೆತ್ತನೆಯ ಹತ್ತಿ ಬಟ್ಟೆಯನ್ನು ತಳ, ಗೋಡೆಗಳ ಅಳತೆಗಿಂತ ಒಂದು ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ, ಚೀಲ ಹೊಲಿದು, ತೂತಿನ ಸುತ್ತಿನ ಕೆಳಗೆ ಹೆಮ್ಮಿಂಗ್ ಹಾಕಿದರೆ ಪರ್ಸು ಎಷ್ಟೋ ವರ್ಷ ಬಾಳುತ್ತದೆ.

ಈ ಊರಿನಲ್ಲಿ ಅಂಥ ಪರ್ಸಿಗೆ ಕೆಲಸ ಬೇಕಾದಷ್ಟಿದೆ. ರಂಜಾನ್ ಹಬ್ಬದ ದಿನ ಹಳೇ ಊರಿನ ಪುಟ್ಟ ಹುಡುಗಿಯರು ಹಿರಿಯರು ಕೊಡುವ ಈದಿಯನ್ನು ಪರ್ಸಿನಲ್ಲಿ ತುಂಬಿಕೊಂಡು ಮನೆಮನೆಗೆ ಹೋಗುತ್ತಾರೆ. ಕಾಚಿಗುಡ, ಬರ್ಕತ್‌ಪುರದ ಕನ್ನಡದ ಮನೆಗಳಲ್ಲಿ ಸಂಕ್ರಾಂತಿಗೆ ಎಳ್ಳು ಬೀರುವ ಹುಡುಗಿಗೂ ಇದು ಒಪ್ಪುತ್ತದೆ. ಹಿಂದೆ ಅಜ್ಜಿಯರ ಸೊಂಟದಲ್ಲಿ ಎಲೆಅಡಿಕೆಯ ಚಂಚಿ ಇದ್ದ ಹಾಗೆ, ದಖ್ಖನಿ ಮನೆಗಳ ಬೇಗಂಗಳ ಕೈಯಲ್ಲಿ ಬಟುವಾ ಇದ್ದ ಹಾಗೆ, ಎಳೆದು ಬಾಯಿ ಮುಚ್ಚುವ ಪುಟ್ಟ ಚೀಲ ಈ ಸೀಮೆಗೆ ಹೊಸದಲ್ಲ.

ಹೊಸದು ಕ್ರೋಶಾ. ಅದಕ್ಕೂ ಪರ್ಸಿಗೂ ನಂಟು ಮಾತ್ರ ಮೊದಲಿನಿಂದಲೂ ಇದೆ. ಇಂದು ನಾವು ಕ್ರೋಶಾ ಎನ್ನುವ ಕೆಲಸವನ್ನು ಅದೇ ಹೆಸರಿನಿಂದ ವಿವರಿಸಿ ಅಚ್ಚಾದ, ತಿಳಿದುಬಂದಿರುವ ಮೊದಲ ಮಾದರಿಗಳು 1823ರಲ್ಲಿ ಪೆನೆಲೋಪೆ ಎಂಬ ಡಚ್ ಪತ್ರಿಕೆಯಲ್ಲಿ ಬಂದವು. ಅವು ಪರ್ಸಿನ ಮಾದರಿಗಳೇ, ರೇಷ್ಮೆ ದಾರದಲ್ಲಿ ಹೆಣೆಯುವಂಥವು. ಮುಂದೆ 1845ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆ ಬೆಳೆ ರೋಗಕ್ಕೆ ಸಿಕ್ಕಿ ಭೀಕರ ಬರ ಬಂದಾಗ, ಅಲ್ಲಿನ ಕ್ರೈಸ್ತ ಸನ್ಯಾಸಿನಿಯರೂ ಪಾದ್ರಿಗಳ ಹೆಂಡಂದಿರೂ ಹಸಿದ ಮನೆಗಳ ಹೆಂಗಸರಿಗೆ ಇದನ್ನು ಕಲಿಸಿದರು. ಹೆಣೆದ ಲೇಸು ಲಂಡನ್, ಪ್ಯಾರಿಸ್ಸಿಗೆ ಹೋಯಿತು, ಎಷ್ಟೋ ಕುಟುಂಬಗಳು ಅದರಿಂದ ಬದುಕಿಕೊಂಡವು. ಶ್ರೀಮಂತರ ಮನೆಯ ಹೊತ್ತುಗಳೆಯುವ ಹವ್ಯಾಸ ಬಡವರ ಹೊಟ್ಟೆಪಾಡಾದದ್ದು ಹೀಗೆ.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಮಿಷನರಿಗಳು ಅದನ್ನು ಗೋದಾವರಿಯ ದಡಕ್ಕೂ ತಂದರು. ಇಲ್ಲಿನ ಆರಂಭವನ್ನು 1844 ಎಂದು ಹೇಳುತ್ತಾರೆ. ಇಂದು ತೆಲಂಗಾಣದ ಭದ್ರಾದ್ರಿ ಕೊತ್ತಗೂಡೆಂ ಜಿಲ್ಲೆಗೆ ಸೇರಿದ, ಭದ್ರಾಚಲಕ್ಕಿಂತ ನದಿಯ ಮೇಲ್ಭಾಗದಲ್ಲಿರುವ ದುಮ್ಮುಗೂಡೆಂ ಮಿಷನ್‌ನ ಲೇಸಿಗೆ ಹೆಸರಾಗಿತ್ತು. ಕಸುಬು ಬೇರೂರಿ ಬೆಳೆದದ್ದು ನದಿಯ ಕೆಳಗೆ, ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಸುತ್ತ. ಅಲ್ಲಿನ ಮನೆಮನೆಯಲ್ಲೂ ಹೆಂಗಸರು ಸಣ್ಣ ಉಕ್ಕಿನ ಕಡ್ಡಿ ಹಿಡಿದು ಹೂ ಹೆಣೆಯುತ್ತಾರೆ, ಬೇರೆಯವರು ಆ ಹೂಗಳನ್ನು ಜೋಡಿಸುತ್ತಾರೆ, ವ್ಯಾಪಾರಿ ಕೊಂಡೊಯ್ದು ವಿದೇಶಕ್ಕೆ ಕಳಿಸುತ್ತಾನೆ. ಟೇಬಲ್ ಕ್ಲಾತು, ದಿಂಬಿನ ಕವರು, ಟೋಪಿ, ಪರ್ಸು ಎಲ್ಲವೂ ಹೋಗುತ್ತವೆ. 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಜಿಐ ಟ್ಯಾಗ್, ಸಿಕ್ಕಿತು. ಮೈಸೂರು ಮಲ್ಲಿಗೆ, ಇಳಕಲ್ ಸೀರೆಗೆ ಇರುವ ಅದೇ ರಕ್ಷಣೆ.

ಆದರೆ ಹೆಣೆಯುವವರ ಪಾಲಿಗೆ ಏನು ಬಂತು? ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ನರಸಾಪುರದ ಲೇಸ್ ಹೆಂಗಸರ ನಡುವೆ ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ಇವತ್ತಿಗೂ ಜಗತ್ತಿನಾದ್ಯಂತ ಓದುವ ಪುಸ್ತಕ ಅದು. ಅವರು ಕಂಡದ್ದು ಇಷ್ಟು: ಈ ಹೆಂಗಸರು ದಿನಕ್ಕೆ ಹಲವು ಗಂಟೆ ವಿದೇಶಿ ಮಾರುಕಟ್ಟೆಗಾಗಿ ದುಡಿಯುತ್ತಾರೆ, ಆದರೆ ಅವರನ್ನು ಯಾರೂ ಕಾರ್ಮಿಕರು ಎನ್ನುವುದಿಲ್ಲ. ಮನೆಯಲ್ಲಿ ಕೂತಿರುವ ಗೃಹಿಣಿಯರು ಬಿಡುವಿನಲ್ಲಿ ಏನೋ ಹೆಣೆಯುತ್ತಾರೆ, ಅಷ್ಟೇ ಎಂದು ವ್ಯಾಪಾರಿಯೂ ಹೇಳುತ್ತಾನೆ, ಗಂಡನೂ ಹೇಳುತ್ತಾನೆ, ಅವರೂ ಹಾಗೆಯೇ ನಂಬಿದ್ದಾರೆ. ಬಿಸಿಲಿನಲ್ಲಿ ಗದ್ದೆಗೆ ಹೋಗದೆ ಮನೆಯೊಳಗೆ ಕೂರುವುದೇ ಅವರಿಗೆ ಮರ್ಯಾದೆ. ಆ ಮರ್ಯಾದೆಯ ಬೆಲೆಯಾಗಿ ಗದ್ದೆಯ ಕೂಲಿಯ ಹೆಣ್ಣಾಳಿಗಿಂತಲೂ ಕಡಿಮೆ ಸಂಪಾದನೆ. ಲೇಸಿನ ವ್ಯಾಪಾರ ಬೆಳೆದಂತೆ ಅದರ ಲಾಭದಿಂದ ಊರಿನ ಕೆಲವು ಗಂಡಸರು ಸಿರಿವಂತರಾದರು.

ಇಡೀ ವಿಷಯದ ತಿರುಳು ಇರುವುದು ಬಿಡುವಿನ ಕೆಲಸ ಎಂಬ ಆ ಮಾತಿನಲ್ಲೇ ಎಂದು ನನಗೆ ಅನಿಸುತ್ತದೆ. ನಮ್ಮ ಮೊಮ್ಮಗಳಿಗೆ ನಾವು ಹೆಣೆಯುವ ಪರ್ಸು ಬಿಡುವಿನ ಕೆಲಸವೇ, ಪ್ರೀತಿಯ ಕೆಲಸ. ಅದಕ್ಕೆ ಕೂಲಿ ಕೇಳುವ ಪ್ರಶ್ನೆಯೇ ಇಲ್ಲ. ಆದರೆ ಅದೇ ಪರ್ಸನ್ನು ಯಾರೋ ಕಾಣದವರ ಮಗುವಿಗಾಗಿ, ದಿನದಿನವೂ, ಕಣ್ಣು ಉರಿಯುವವರೆಗೆ ಹೆಣೆದುಕೊಡುವುದು ಉದ್ಯೋಗ. ನಾವು ಮೊದಲನೆಯದರ ಬೆಲೆಯನ್ನು ಎರಡನೆಯದಕ್ಕೆ ಕಟ್ಟುತ್ತೇವೆ. ಬೆಂಗಳೂರು, ಹುಬ್ಬಳ್ಳಿ, ಮೈಸೂರಿನಲ್ಲಿ ಸೀರೆಗೆ ಕುಚ್ಚು ಕಟ್ಟಿಕೊಡುವ ಹೆಂಗಸರ ಕಥೆಯೂ ಇದಕ್ಕಿಂತ ಬೇರೆಯಲ್ಲ. ಹತ್ತು ಸಾವಿರದ ಸೀರೆ ಕೊಂಡವರು ಕುಚ್ಚಿನ ಕೂಲಿಯಲ್ಲಿ ಐವತ್ತು ರೂಪಾಯಿ ಕಡಿಮೆ ಮಾಡಿಸಿಕೊಳ್ಳದೆ ಮನೆಗೆ ಹೋಗುವುದಿಲ್ಲ.

ಲೆಕ್ಕ ಹಾಕೋಣ. ಮೇಲೆ ಹೇಳಿದ ಪರ್ಸಿನ ತಳದಲ್ಲಿ 216 ಕುಣಿಕೆ, ಗೋಡೆಯಲ್ಲಿ 960. ತೂತಿನ ಸುತ್ತು, ಚಿಪ್ಪಿನ ಅಂಚು ಸೇರಿ ಸುಮಾರು ನೂರು, ಎರಡು ಎಳೆಗೆ ಇನ್ನೂರು. ಒಟ್ಟು ಹತ್ತಿರ ಹತ್ತಿರ ಒಂದೂವರೆ ಸಾವಿರ. ಅಸ್ತರು, ಹೂವು, ದಾರದ ತುದಿಗಳನ್ನು ಒಳಗೆ ಸೇರಿಸುವ ಕೆಲಸ ಬೇರೆ. ಪಳಗಿದ ಕೈಗೂ ಎರಡು ಮೂರು ಗಂಟೆ ಹಿಡಿಯುತ್ತದೆ, ಹೊಸಬರಿಗೆ ಒಂದು ವಾರದ ಸಂಜೆಗಳು ಬೇಕು. ಮನೆಗೆಲಸದವರಿಗೋ ಎಲೆಕ್ಟ್ರಿಷಿಯನ್ನಿಗೋ ಮೂರು ಗಂಟೆಗೆ ನೀವು ಏನು ಕೊಡುತ್ತೀರಿ ಎಂದು ಯೋಚಿಸಿ, ಅದಕ್ಕೆ ದಾರದ ಬೆಲೆ ಸೇರಿಸಿ. ಅದಕ್ಕಿಂತ ಕಡಿಮೆಗೆ ಪರ್ಸು ಸಿಕ್ಕರೆ, ಆ ವ್ಯತ್ಯಾಸವನ್ನು ಹೆಣೆದವಳೇ ಕೈಯಿಂದ ಭರಿಸಿದ್ದಾಳೆ.

ಹೈದರಾಬಾದಿನವರಿಗೆ ಇದನ್ನು ಸರಿಮಾಡಲು ಒಳ್ಳೆಯ ಅವಕಾಶವೊಂದು ವರ್ಷವರ್ಷವೂ ಬರುತ್ತದೆ. ನಾಂಪಲ್ಲಿಯ ಮೈದಾನದಲ್ಲಿ ಸಾಮಾನ್ಯವಾಗಿ ಜನವರಿ 1ಕ್ಕೆ ನುಮಾಯಿಷ್ ಶುರುವಾಗುತ್ತದೆ. 1938ರಲ್ಲಿ ಪಬ್ಲಿಕ್ ಗಾರ್ಡನ್ಸಿನಲ್ಲಿ, ಕಲಬುರಗಿ, ಬೀದರ, ರಾಯಚೂರು ಇನ್ನೂ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ, ಸಂಸ್ಥಾನದ ಸ್ವಂತ ಕೈಕಸುಬುಗಳನ್ನು ಜನರಿಗೆ ತೋರಿಸಲೆಂದೇ ಆರಂಭವಾದ ಪ್ರದರ್ಶನ ಅದು. 1946ರಲ್ಲಿ ನಾಂಪಲ್ಲಿಗೆ ಬಂತು. ಈ ಬಾರಿ ಅಲ್ಲಿಗೆ ಹೋದಾಗ, ಅಥವಾ ಶಿಲ್ಪಾರಾಮಂನ ಮಳಿಗೆಗಳ ಮುಂದೆ ನಿಂತಾಗ, ಕ್ರೋಶಾ ಪರ್ಸು ಕಣ್ಣಿಗೆ ಬಿದ್ದರೆ ಮೊದಲು ತಿರುಗಿಸಿ ಒಳಭಾಗ ನೋಡಿ, ತಳ ಚಪ್ಪಟೆ ಇದೆಯೇ, ತುದಿಗಳು ಸೇರಿವೆಯೇ, ಅಸ್ತರು ಇದೆಯೇ ಎಂದು. ಹೆಣೆದವರು ಯಾರು, ಯಾವ ಊರಿನವರು ಎಂದು ಕೇಳಿ. ಹೆಣೆದವಳೇ ಎದುರಿಗೆ ಕೂತಿದ್ದರೆ ದಯವಿಟ್ಟು ಚೌಕಾಸಿ ಮಾಡಬೇಡಿ, ಅವಳು ಹೇಳಿದ ಬೆಲೆ ಕೊಟ್ಟು ತೆಗೆದುಕೊಳ್ಳಿ.